ಬೆರಳ ತುದಿಯ ಅಪಹಾಸ್ಯ

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಸ್ತುತಿಸಿ, ಪ್ರವಾದಿವರ್ಯರ(ಸ) ಮೇಲೆ ಸಲಾತ್ ಮತ್ತು ಸಲಾಮ್ ಹೇಳಿ, ಈ ವಾರ ನಾವು ಒಂದು ಸಣ್ಣ ವಿಷಯವನ್ನು ಎತ್ತಿಕೊಳ್ಳುತ್ತಿದ್ದೇವೆ. ಸಣ್ಣದು ಎಂದದ್ದು ಗಾತ್ರದಲ್ಲಿ ಮಾತ್ರ. ಮೊಬೈಲಿನ ಪರದೆಯ ಮೇಲೆ ಅದು ಒಂದು ಕಡಲೆಕಾಳಿನಷ್ಟೂ ಇರುವುದಿಲ್ಲ. ಯಾರಾದರೂ ಗ್ರೂಪಿನಲ್ಲಿ ಏನನ್ನಾದರೂ ಬರೆದಾಗ ಅದರ ಕೆಳಗೆ ನಾವು ಒತ್ತುವ ಆ ಹಳದಿ ಮುಖ. ಬಿದ್ದು ಬಿದ್ದು ನಗುವ ಮುಖ, ಕಣ್ಣು ಮಿಟುಕಿಸುವ ಮುಖ, ಮೂಗು ಮುರಿಯುವ ಮುಖ, ಚಪ್ಪಾಳೆ ತಟ್ಟುವ ಕೈ. ಇಮೋಜಿ ಎಂದು ಕರೆಯುತ್ತಾರೆ. ಜಪಾನಿ ಭಾಷೆಯಲ್ಲಿ 'ಎ' ಎಂದರೆ ಚಿತ್ರ, 'ಮೋಜಿ' ಎಂದರೆ ಅಕ್ಷರ. ಚಿತ್ರದ ಅಕ್ಷರ. ಅಂದರೆ ಅದೂ ಬರವಣಿಗೆಯೇ. ಈ ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಿಂಬರಿನ ಮೇಲಿಂದ ಇಮೋಜಿಯ ಬಗ್ಗೆ ಮಾತನಾಡುವುದೇ ಎಂದು ಕೆಲವರಿಗೆ ನಗು ಬರಬಹುದು. ನಮಾಝ್, ಝಕಾತ್, ಬಡ್ಡಿ, ವರದಕ್ಷಿಣೆ ಇವೆಲ್ಲ ಬಿಟ್ಟು ಇದೇನು ಎನಿಸಬಹುದು. ಆದರೆ ಮುಖದ ಒಂದು ಚಹರೆ, ಕಣ್ಣಿನ ಒಂದು ಸನ್ನೆ ಅಲ್ಲಾಹನ ಗ್ರಂಥದಲ್ಲಿ ಎಷ್ಟು ಗಂಭೀರವಾಗಿ ಪ್ರಸ್ತಾಪವಾಗಿದೆ ಎಂಬುದನ್ನು ನೋಡಿದರೆ ಈ ನಗು ನಿಲ್ಲುತ್ತದೆ.

ಸೂರಃ ಅಬಸ ನಿಮಗೆಲ್ಲ ಗೊತ್ತು. ಮಕ್ಕಾದಲ್ಲಿ ಪ್ರವಾದಿವರ್ಯರು(ಸ) ಕುರೈಶ್ ಮುಖಂಡರೊಂದಿಗೆ ಮಾತನಾಡುತ್ತಿದ್ದಾಗ ಅಂಧ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಬಂದು ಏನನ್ನೋ ಕೇಳಿದರು. ಮುಖಂಡರು ಸತ್ಯದ ಕಡೆಗೆ ಬರಬಹುದೆಂಬ ಆಸೆಯಲ್ಲಿದ್ದ ಪ್ರವಾದಿಯವರ(ಸ) ಹುಬ್ಬು ಒಂದು ಕ್ಷಣ ಗಂಟಿಕ್ಕಿತು. ಅದು ಅಪಹಾಸ್ಯವಾಗಿರಲಿಲ್ಲ, ತಿರಸ್ಕಾರವೂ ಆಗಿರಲಿಲ್ಲ. ಆ ವಿಷಯದಲ್ಲಿ ಯಾರ ಮನಸ್ಸಿನಲ್ಲೂ ಸಂಶಯ ಬೇಡ. ದೀನ್‌ನ ಕೆಲಸದ ನಡುವೆ ಉಂಟಾದ ಅಡಚಣೆಗೆ ಮುಖದಲ್ಲಿ ಮೂಡಿದ ಗೆರೆ ಅಷ್ಟೇ. ಅಷ್ಟಕ್ಕೇ ವಹ್ಯ್ ಬಂತು. ಪರಮ ಪ್ರೀತಿಪಾತ್ರರಾದ ರಸೂಲರನ್ನು ಅಲ್ಲಾಹನು ತಿದ್ದಿದನು. ಆ ಸೂರಾಕ್ಕೆ ಹೆಸರೇ 'ಹುಬ್ಬು ಗಂಟಿಕ್ಕಿದರು' ಎಂದಾಯಿತು.

ಇಲ್ಲಿ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಆ ಸಹಾಬಿ ಅಂಧರು. ಗಂಟಿಕ್ಕಿದ ಹುಬ್ಬು ಅವರಿಗೆ ಕಾಣಿಸಲೇ ಇಲ್ಲ. ಕಾಣದ ಮುಖಭಾವದಿಂದ ಅವರಿಗೆ ನೋವಾಗುವ ಪ್ರಶ್ನೆಯೇ ಇರಲಿಲ್ಲ. ಆದರೂ ಕಿಯಾಮತ್‌ವರೆಗೆ ಓದಲ್ಪಡುವ ಆಯತ್‌ಗಳು ಇಳಿದವು. ಹಾಗಿರುವಾಗ ಮುನ್ನೂರು ಜನ ನೋಡುವ ಜಾಗದಲ್ಲಿ, ಹೆಸರು ಸಮೇತ, ಒಬ್ಬ ಸಹೋದರನ ಮಾತಿನ ಕೆಳಗೆ ನಗುವ ಮುಖವನ್ನು ಅಂಟಿಸಿ ಇಡುವವನ ಸ್ಥಿತಿ ಏನು? ಮುಂದೆ ಅದೇ ಇಬ್ನು ಉಮ್ಮಿ ಮಕ್ತೂಮ್(ರ) ಮದೀನಾದಲ್ಲಿ ಫಜ್ರ್‌ನ ಅಝಾನ್ ಕೊಡುವವರಾದರು. ಪ್ರವಾದಿವರ್ಯರು(ಸ) ಊರಿನಲ್ಲಿಲ್ಲದಾಗ ಜನರಿಗೆ ನಮಾಝ್ ಮಾಡಿಸಲು ಅವರನ್ನು ನೇಮಿಸಿ ಹೋಗಿದ್ದರು. ನಮ್ಮ ಸಮಾಜವು ಯಾರನ್ನು ಮೂಲೆಗೆ ಸರಿಸುತ್ತದೋ ಅಂಥವರನ್ನು ಇಸ್ಲಾಮ್ ಸಫ್‌ನ ಮುಂದೆ ನಿಲ್ಲಿಸಿತು.

ಇನ್ನು ಸೂರಃ ಅಲ್ ಮುತಫ್ಫಿಫೀನ್‌ನ ಕೊನೆಯ ಭಾಗ ನೋಡಿ. ಮಕ್ಕಾದ ಅಪರಾಧಿಗಳು ಸತ್ಯವಿಶ್ವಾಸಿಗಳನ್ನು ಕಂಡು ನಗುತ್ತಿದ್ದುದನ್ನು, ಅವರು ಹಾದು ಹೋಗುವಾಗ ಪರಸ್ಪರ ಕಣ್ಣು ಮಿಟುಕಿಸುತ್ತಿದ್ದುದನ್ನು, ಬಳಿಕ ಮನೆಗೆ ಮರಳಿ ಅದನ್ನೇ ಹೇಳಿಕೊಂಡು ಖುಷಿಪಡುತ್ತಿದ್ದುದನ್ನು ಅಲ್ಲಾಹನು ಒಂದೊಂದಾಗಿ ಎಣಿಸುತ್ತಾನೆ. ಗ್ರೂಪಿನಲ್ಲಿ ನಗು, ಪಕ್ಕದವನಿಗೆ ಸನ್ನೆ, ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗ್ರೂಪಿಗೆ ಹಾಕಿ ಅಲ್ಲಿಯೂ ನಗು. ಬಿಲಾಲ್(ರ), ಅಮ್ಮಾರ್(ರ), ಖಬ್ಬಾಬ್(ರ) ಮುಂತಾದ ಬಡ ಸಹಾಬಿಗಳ ವಿರುದ್ಧ ನಡೆದದ್ದು ಇದೇ ಕ್ರಮದಲ್ಲಿ. ಸಾಧನ ಮಾತ್ರ ಬದಲಾಗಿದೆ.

ಸೂರಃ ಅಲ್ ಹುಮಝದಲ್ಲಿ ಎರಡು ಪದಗಳಿವೆ, ಹುಮಝ ಮತ್ತು ಲುಮಝ. ಎರಡೂ ಜನರ ಮಾನಕ್ಕೆ ಕೈ ಹಾಕುವವನನ್ನು ಕುರಿತೇ. ಒಂದು ನಾಲಗೆಯಿಂದ ಮಾಡುವುದು, ಇನ್ನೊಂದು ಕಣ್ಣು, ಹುಬ್ಬು, ಕೈಗಳ ಸನ್ನೆಯಿಂದ ಮಾಡುವುದು ಎಂದು ಅನೇಕ ಮುಫಸ್ಸಿರ್‌ಗಳು ವಿವರಿಸಿದ್ದಾರೆ. ಯಾವ ಪದಕ್ಕೆ ಯಾವ ಅರ್ಥ ಎಂಬಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಸನ್ನೆಯೂ ಈ ಎಚ್ಚರಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ಸ್ಪಷ್ಟ. 'ನಾನು ಏನೂ ಹೇಳಲೇ ಇಲ್ಲವಲ್ಲ, ಬರೇ ಒಂದು ಇಮೋಜಿ ಹಾಕಿದ್ದು' ಎಂಬ ಸಮಜಾಯಿಷಿಗೆ ಇಲ್ಲಿ ಜಾಗವಿಲ್ಲ.

ಸೂರಃ ಅಲ್ ಹುಜುರಾತ್‌ನ 11ನೇ ಆಯತ್ ಅಪಹಾಸ್ಯವನ್ನು ನೇರವಾಗಿ ನಿಷೇಧಿಸುತ್ತದೆ. ಅಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಒಬ್ಬ ವ್ಯಕ್ತಿ ಇನ್ನೊಬ್ಬನನ್ನು ಎನ್ನದೆ ಒಂದು ಗುಂಪು ಇನ್ನೊಂದು ಗುಂಪನ್ನು ಗೇಲಿ ಮಾಡಬಾರದು ಎಂಬ ರೀತಿಯ ಮಾತಿದೆ. ಏಕೆಂದರೆ ಅಪಹಾಸ್ಯಕ್ಕೆ ಸಭೆ ಬೇಕು. ಒಬ್ಬನೇ ಕೋಣೆಯಲ್ಲಿ ಕುಳಿತು ಯಾರೂ ಗೇಲಿ ಮಾಡುವುದಿಲ್ಲ. ನೋಡಿ ನಗಲು ಜನ ಇದ್ದಾಗಲೇ ಆ ಕೆಲಸಕ್ಕೆ ಹುಮ್ಮಸ್ಸು ಬರುತ್ತದೆ. ವಾಟ್ಸ್ಆ್ಯಪ್ ಗ್ರೂಪು ಎಂದರೆ ಇಪ್ಪತ್ತನಾಲ್ಕು ಗಂಟೆಯೂ ಸೇರಿರುವ ಸಭೆ. ಎರಡನೆಯದು, ಗಂಡಸರನ್ನು ಹೇಳಿದ ಮೇಲೆ ಹೆಂಗಸರನ್ನು ಬೇರೆಯಾಗಿ ಹೆಸರಿಸಲಾಗಿದೆ. ಮನೆಯಲ್ಲಿ ಈ ಲೇಖನ ಓದುವ ತಾಯಂದಿರು, ಸಹೋದರಿಯರು ತಮ್ಮ ಕುಟುಂಬದ ಗ್ರೂಪುಗಳನ್ನು ಒಮ್ಮೆ ನೆನಪಿಸಿಕೊಳ್ಳಲಿ. ಬಡ ನಾದಿನಿ ಮಗಳ ಮದುವೆಯ ಸೀರೆಯ ಫೋಟೋ ಹಾಕಿದಾಗ, ಹೊಸ ಸೊಸೆ ಮೊದಲ ಬಾರಿ ಮಾಡಿದ ಬಿರಿಯಾನಿಯ ಚಿತ್ರ ಹಾಕಿದಾಗ, ಕೆಳಗೆ ಬಿದ್ದ ಒಂದು ಸಣ್ಣ ಮುಖ ಎಷ್ಟು ದಿನ ಮನೆಯೊಳಗೆ ಹೊಗೆಯಾಡಿದೆ ಎಂಬುದು ನಮಗಿಂತ ನಿಮಗೇ ಹೆಚ್ಚು ಗೊತ್ತು.

ಹಝ್ರತ್ ಆಇಶಾ(ರ) ಒಮ್ಮೆ ಸಫಿಯ್ಯಾ(ರ) ಅವರ ಕುಳ್ಳಗಿನ ಮೈಕಟ್ಟಿನ ಬಗ್ಗೆ ಸೂಚಿಸಿದಾಗ, ಆ ಮಾತನ್ನು ಸಮುದ್ರದ ನೀರಿಗೆ ಬೆರೆಸಿದರೆ ಸಮುದ್ರವೇ ಕೆಟ್ಟುಹೋದೀತು ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಬೂದಾವೂದ್ ಮತ್ತು ತಿರ್ಮಿಝಿಯಲ್ಲಿ ಈ ಹದೀಸ್ ಇದೆ. ಅವರು ಕೈಸನ್ನೆ ಮಾಡಿ ತೋರಿಸಿದರೆಂದೂ ವರದಿಗಳಲ್ಲಿ ಬಂದಿದೆ. ಒಂದು ಸನ್ನೆ, ಒಂದು ಸಮುದ್ರ!

ಒಂಬೈನೂರು ವರ್ಷಗಳ ಹಿಂದೆ, 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ(ರ) ಅವರ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ನಾಲಗೆಯ ವಿಪತ್ತುಗಳ ಕುರಿತು ಒಂದು ಇಡೀ ಅಧ್ಯಾಯವಿದೆ. ಅದರಲ್ಲಿ ಅವರು ಗೀಬತ್ ಎಂಬುದು ನಾಲಗೆಗೆ ಸೀಮಿತವಲ್ಲ, ಸನ್ನೆ, ಅಣಕ, ಬರವಣಿಗೆ ಎಲ್ಲವೂ ಅದರಲ್ಲಿ ಸೇರುತ್ತವೆ ಎಂದು ವಿವರಿಸುತ್ತಾರೆ. ಲೇಖನಿಯೂ ಒಂದು ನಾಲಗೆ ಎಂಬುದು ಅವರ ವಾದ. ಚಿತ್ರದ ಅಕ್ಷರ ಎಂಬ ಅರ್ಥವನ್ನು ನೆನಪಿಡಿ ಎಂದದ್ದು ಇದಕ್ಕೇ. ಅಪಹಾಸ್ಯಕ್ಕೆ ಅವರು ಕೊಡುವ ಉದಾಹರಣೆಗಳು ಇಂದಿಗೆ ಬರೆದಂತಿವೆ. ಒಬ್ಬನ ಮಾತು ತಡವರಿಸಿ ಅಡ್ಡಾದಿಡ್ಡಿಯಾದಾಗ ನಗುವುದು, ಅವನ ಕೈಬರಹವನ್ನು ನೋಡಿ ನಗುವುದು, ಅವನ ಕಸುಬಿನ ಕೆಲಸವನ್ನು ನೋಡಿ ನಗುವುದು.

ಇದನ್ನು ಓದಿದಾಗ ನಮಗೆ ಪಕ್ಕದ ತಾಲೂಕಿನ ಒಂದು ಜಮಾಅತ್‌ನಲ್ಲಿ ನಡೆದ ಸಂಗತಿ ನೆನಪಾಯಿತು. ಆ ಜಮಾಅತ್‌ನ ಅಧ್ಯಕ್ಷರೇ ನಮಗೆ ಹೇಳಿದ್ದು. ಸಂಬಂಧಪಟ್ಟವರ ಒಪ್ಪಿಗೆ ಇದೆ, ಆದರೆ ಊರು ಮತ್ತು ಹೆಸರು ಬೇಡ.

ಅಲ್ಲಿ ಒಬ್ಬ ರಿಕ್ಷಾ ಚಾಲಕರಿದ್ದಾರೆ. ಐವತ್ತು ದಾಟಿದೆ. ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಓದಲು ಹೇಗೋ ಬರುತ್ತದೆ, ಬರೆಯಲು ಬರುವುದಿಲ್ಲ. ಮಗ ಫೋನಿನಲ್ಲಿ ಮೈಕ್ ಒತ್ತಿ ಮಾತನಾಡಿದರೆ ತಾನೇ ಕನ್ನಡದಲ್ಲಿ ಬರೆಯುವ ವ್ಯವಸ್ಥೆ ಮಾಡಿಕೊಟ್ಟಿದ್ದ. ಒಂದು ಬೆಳಗ್ಗೆ ಅವರ ಅಣ್ಣ ತೀರಿಕೊಂಡರು. ಅಣ್ಣನ ಇಂತಿಕಾಲ್ ಆಗಿದೆ, ಅಸರ್ ನಂತರ ದಫನ್ ಎಂದು ಅವರು ಫೋನಿಗೆ ಹೇಳಿದರು. ಫೋನಿಗೆ ನಮ್ಮ ಪದಗಳು ತಿಳಿಯಬೇಕಲ್ಲ. ಅಣ್ಣನ 'ಇಂತಿ ಕಾಲು' ಆಗಿದೆ, 'ಹೆಸರು ನಂತರ' ದಫನ್ ಎಂದು ಬರೆದು ಜಮಾಅತ್‌ನ ಗ್ರೂಪಿಗೆ ಕಳಿಸಿತು. ಅಣ್ಣನ ಮಯ್ಯತ್ ಮನೆಯಲ್ಲಿಟ್ಟುಕೊಂಡ ಮನುಷ್ಯ ಕಳಿಸುವ ಮುನ್ನ ಇನ್ನೊಮ್ಮೆ ಓದಿ ನೋಡುತ್ತಾನೆಯೇ?

ಕೆಲವೇ ನಿಮಿಷಗಳಲ್ಲಿ ಆ ಸಂದೇಶದ ಕೆಳಗೆ ಒಂಬತ್ತು ನಗುಮುಖಗಳು ಬಂದವು. ಒಬ್ಬ ಹುಡುಗ 'ಯಾವ ಕಾಲು, ಎಡದ್ದಾ ಬಲದ್ದಾ' ಎಂದೂ ಕೇಳಿದ. ಅಷ್ಟರಲ್ಲಿ ಯಾರೋ ವಿಷಯ ತಿಳಿದು 'ಇನ್ನಾ ಲಿಲ್ಲಾಹಿ' ಹಾಕಿದರು, ನಂತರ ಸಾಲುಸಾಲಾಗಿ ಎಲ್ಲರೂ ಹಾಕಿದರು. ಜನಾಝಕ್ಕೆ ಜನವೂ ಸೇರಿದರು. ಹುಡುಗ ತನ್ನ ಪ್ರಶ್ನೆಯನ್ನು ಅಳಿಸಿಬಿಟ್ಟ. ಒಂಬತ್ತು ಮುಖಗಳು ಮಾತ್ರ ಹಾಗೇ ಉಳಿದವು. ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎಂಟು ತಿಂಗಳ ಬಳಿಕ ಅವರ ಪತ್ನಿಗೆ ಆಪರೇಷನ್ ಆಯಿತು. ಎರಡು ಯೂನಿಟ್ ರಕ್ತ ಬೇಕಿತ್ತು. ಅದೇ ಗ್ರೂಪಿನಲ್ಲಿ ರಕ್ತದಾನಕ್ಕೆಂದೇ ಹೆಸರು ಕೊಟ್ಟ ಎಷ್ಟೋ ಯುವಕರಿದ್ದರು. ಬೇರೆ ಊರಿನ ಅಪರಿಚಿತರಿಗೂ ರಾತ್ರಿ ಎದ್ದು ಹೋಗಿ ಕೊಟ್ಟು ಬರುವ ಹುಡುಗರು ಅವರು, ಅದನ್ನು ಹೇಳಲೇಬೇಕು. ಈ ಮನುಷ್ಯ ಗ್ರೂಪಿನಲ್ಲಿ ಕೇಳಲಿಲ್ಲ. ರಿಕ್ಷಾ ಸ್ಟ್ಯಾಂಡಿಗೆ ಹೋಗಿ ಜೊತೆಗಾರರಲ್ಲಿ ಬಾಯಿಬಿಟ್ಟು ಕೇಳಿದರು. ಇಬ್ಬರು ಹಿಂದೂ ಸಹೋದರರು ಬಾಡಿಗೆ ಬಿಟ್ಟು ಬಂದು ರಕ್ತ ಕೊಟ್ಟರು. ಅಧ್ಯಕ್ಷರಿಗೆ ಗೊತ್ತಾಗಿ, 'ಕಾಕಾ, ಗ್ರೂಪಿನಲ್ಲಿ ಒಂದು ಮಾತು ಹಾಕಬಾರದಿತ್ತೇ' ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: 'ಮತ್ತೆ ಏನಾದರೂ ತಪ್ಪು ಬರೆದುಬಿಟ್ಟರೆ?'

ಸಹೋದರರೇ, ಆ ಒಂಬತ್ತು ಜನರಲ್ಲಿ ಯಾರಿಗೂ ಅವರ ಮೇಲೆ ದ್ವೇಷವಿರಲಿಲ್ಲ. ಹೆಚ್ಚಿನವರು ಸಂದೇಶವನ್ನು ಪೂರ್ತಿ ಓದಿಯೂ ಇರಲಿಲ್ಲ. 'ಇಂತಿ ಕಾಲು' ಕಣ್ಣಿಗೆ ಬಿತ್ತು, ಬೆರಳು ಒತ್ತಿತು. ಯೋಚಿಸದೆ ಆಡಿದ ಒಂದೇ ಮಾತು ಮನುಷ್ಯನನ್ನು ನರಕದಲ್ಲಿ ಬಹುದೂರ ಕೆಡವಬಹುದು ಎಂಬ ಎಚ್ಚರಿಕೆ ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಮಾತಾಡಲು ಬಾಯಿ ತೆರೆಯಬೇಕು, ಬರೆಯಲು ಅಕ್ಷರ ಜೋಡಿಸಬೇಕು, ಅಷ್ಟರಲ್ಲಿ ಮನಸ್ಸು ಒಮ್ಮೆ ತಡೆಯಬಹುದು. ಈ ರಿಯಾಕ್ಷನ್‌ಗೆ ಅಷ್ಟು ಹೊತ್ತೂ ಬೇಡ. 2016ರಲ್ಲಿ ಫೇಸ್‌ಬುಕ್ ಲೈಕಿನ ಜೊತೆಗೆ ನಗು, ಅಳು, ಕೋಪದ ಮುಖಗಳನ್ನು ಕೊಟ್ಟಿತು. 2022ರಲ್ಲಿ ವಾಟ್ಸ್ಆ್ಯಪ್ ಮೊದಲು ಆರು ಚಿಹ್ನೆ ಕೊಟ್ಟು, ಕೆಲವೇ ತಿಂಗಳಲ್ಲಿ ಯಾವ ಇಮೋಜಿಯನ್ನಾದರೂ ಒತ್ತಬಹುದು ಎಂದು ಮಾಡಿತು. ಅವರ ಉದ್ದೇಶ ಅನುಕೂಲ. ಗ್ರೂಪಿನಲ್ಲಿ ನೂರು ಸಲ 'ಸರಿ, ಸರಿ' ಎಂದು ಬರೆಯುವ ಬದಲು ಒಂದು ಹೆಬ್ಬೆರಳು ಸಾಕು, ಒಪ್ಪೋಣ. ಅನುಕೂಲದ ವಸ್ತುವನ್ನು ಚಾಕುವಿನಂತೆ ಹಿಡಿದದ್ದು ನಾವು.

ಆ ಒಂಬತ್ತರಲ್ಲಿ ಒಬ್ಬರ ಕಥೆ ಬೇರೆ. ಅವರು ಎಪ್ಪತ್ತು ದಾಟಿದ ಒಬ್ಬ ಹಾಜಿಯವರು. ತೀರಿಕೊಂಡವರ ಬಾಲ್ಯದ ಗೆಳೆಯ. ಅವರು ನಕ್ಕದ್ದಲ್ಲ. ಆ ಮುಖದ ಕಣ್ಣಿನಿಂದ ಎರಡು ಹನಿ ನೀರು ಸುರಿಯುತ್ತದಲ್ಲ, ಅದನ್ನು ಅಳುವ ಮುಖ ಎಂದು ತಿಳಿದು ಒತ್ತಿದ್ದರು. ನಕ್ಕು ನಕ್ಕು ಕಣ್ಣೀರು ಬರುವ ಆ ಮುಖವನ್ನು 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದೇ ಆರಿಸಿದ್ದರು. ಅಷ್ಟು ಪ್ರಸಿದ್ಧ ಮುಖ. ಆದರೂ ನಮ್ಮ ಎಷ್ಟೋ ಹಿರಿಯರಿಗೆ ಅದು ಅಳುವಿನಂತೆಯೇ ಕಾಣುತ್ತದೆ. ನಿಮ್ಮ ಮನೆಗಳಲ್ಲೂ ಕೇಳಿ ನೋಡಿ.

ಆದ್ದರಿಂದ ಎದುರು ಭಾಗದವರಿಗೂ ಒಂದು ಮಾತು ಹೇಳಲೇಬೇಕು. ನಿಮ್ಮ ಸಂದೇಶದ ಕೆಳಗೆ ನಗುಮುಖ ಬಂತೆಂದು ಒಡನೆಯೇ ಸಂಬಂಧ ಕಡಿದುಕೊಳ್ಳಬೇಡಿ. ಅಪಹಾಸ್ಯವನ್ನು ನಿಷೇಧಿಸಿದ ಆಯತ್‌ನ ಮರು ಆಯತ್‌ನಲ್ಲೇ ಅತಿಯಾದ ಗುಮಾನಿಯಿಂದ ದೂರವಿರಿ ಎಂಬ ಆದೇಶವಿದೆ. ಕೈತಪ್ಪಿ ಒತ್ತಿದ್ದಿರಬಹುದು. ಮೇಲಿನ ಸಂದೇಶಕ್ಕೆ ಒತ್ತಲು ಹೋಗಿ ಕೆಳಗಿನದಕ್ಕೆ ಬಿದ್ದಿರಬಹುದು. ಮೊಮ್ಮಗುವಿನ ಕೈಯಲ್ಲಿ ಫೋನ್ ಇದ್ದಿರಬಹುದು. ಫೋನ್ ಮಾಡಿ ಕೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಹಿರಿಯರು ತಪ್ಪು ಮುಖ ಒತ್ತಿದ್ದು ಕಂಡರೆ ಕಿರಿಯರು ಗ್ರೂಪಿನಲ್ಲಿ ತಿದ್ದಲು ಹೋಗಬಾರದು. ಮಸೀದಿಯಿಂದ ಹೊರಗೆ ಬರುವಾಗ ಮೆಲ್ಲಗೆ, 'ಬ್ಯಾರಿಗಳೇ, ಅದು ನಗುವುದು, ಅಳುವುದು ಇದು' ಎಂದು ತೋರಿಸಿಕೊಟ್ಟರೆ ಸಾಕು.

ತಪ್ಪು ಮಾಡಿದವನ ಎದುರು ಸಭೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಮುಸ್ಲಿಮ್ ಹದೀಸ್ ಗ್ರಂಥದಲ್ಲಿ ಮುಆವಿಯ ಇಬ್ನುಲ್ ಹಕಮ್ ಅಸ್ಸುಲಮಿ(ರ) ಎಂಬ ಸಹಾಬಿಯ ಘಟನೆಯಿದೆ. ಇಸ್ಲಾಮಿಗೆ ಹೊಸಬರು. ಜಮಾಅತ್ ನಮಾಝಿನಲ್ಲಿ ನಿಂತಿದ್ದಾಗ ಪಕ್ಕದವರೊಬ್ಬರು ಸೀನಿದರು. ಇವರು ನಮಾಝಿನೊಳಗೇ ಗಟ್ಟಿಯಾಗಿ 'ಯರ್‌ಹಮುಕಲ್ಲಾಹ್' ಎಂದುಬಿಟ್ಟರು. ಜನ ಇವರನ್ನು ದುರುಗುಟ್ಟಿ ನೋಡಿದರು. ಏನಾಯಿತು, ಯಾಕೆ ಹೀಗೆ ನೋಡುತ್ತೀರಿ ಎಂದು ಇವರು ಮತ್ತೆ ಮಾತನಾಡಿದರು. ಜನ ತೊಡೆ ತಟ್ಟಿ ಸುಮ್ಮನಿರಿಸಲು ನೋಡಿದರು. ಸಭೆಯ ರಿಯಾಕ್ಷನ್ ಎಂದರೆ ಇದೇ ತಾನೇ? ನಮಾಝ್ ಮುಗಿಯಿತು. ಪ್ರವಾದಿವರ್ಯರು(ಸ) ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ನಮಾಝಿನಲ್ಲಿ ಜನರ ಮಾತುಕತೆ ಸಲ್ಲದು, ಅದು ತಸ್ಬೀಹ್, ತಕ್ಬೀರ್ ಮತ್ತು ಕುರ್‌ಆನ್ ಪಾರಾಯಣಕ್ಕಿರುವುದು ಎಂದು ಕಲಿಸಿದರು, ಅಷ್ಟೇ. ಅದಕ್ಕಿಂತ ಉತ್ತಮ ಗುರುವನ್ನು ತಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ ಎಂದು ಆ ಸಹಾಬಿ ನಂತರ ನೆನೆಯುತ್ತಿದ್ದರು. ಆ ಧೈರ್ಯದಿಂದ ಅವರು ಮತ್ತೆ ಮತ್ತೆ ಪ್ರಶ್ನೆ ಕೇಳಿದರು. ಅವರು ಅಂದು ಕೇಳಿದ ಪ್ರಶ್ನೆಗಳಿಂದ ಉಮ್ಮತ್‌ಗೆ ಎಷ್ಟೋ ಮಸ್ಅಲಗಳು ತಿಳಿದವು.

ನಮ್ಮ ಗ್ರೂಪುಗಳಲ್ಲಿ ಒಬ್ಬ ಯುವಕ ವುಝೂ ಬಗ್ಗೆ, ತಲಾಕ್ ಬಗ್ಗೆ ಒಂದು ಪ್ರಶ್ನೆ ಕೇಳಿ ನೋಡಲಿ. ಉತ್ತರಕ್ಕಿಂತ ಮೊದಲು ನಗು ಬರುತ್ತದೆ. 'ಇಷ್ಟೂ ಗೊತ್ತಿಲ್ಲವಾ?' ಗೊತ್ತಿಲ್ಲದ್ದಕ್ಕೇ ಕೇಳಿದ್ದು. ಹಾಗೆ ನಕ್ಕವರ ಕಾರಣದಿಂದ ಕೇಳುವುದನ್ನು ನಿಲ್ಲಿಸಿದ ಹುಡುಗ ತನ್ನ ಪ್ರಶ್ನೆಗೆ ಎಲ್ಲೆಲ್ಲಿ ಉತ್ತರ ಹುಡುಕುತ್ತಾನೆ ಎಂಬುದನ್ನು ಪಾಲಕರು ಯೋಚಿಸಬೇಕು. ಭಾಷೆಯ ವಿಷಯದಲ್ಲೂ ಇದೇ ಪಾಡು. ದಖ್ಖನಿ ಉರ್ದುವಿನ 'ನಕ್ಕೋ' ಕಂಡರೆ ಕರಾವಳಿಯವರಿಗೆ ನಗು, ಕರಾವಳಿಯವರ ಉರ್ದುವಿನಲ್ಲಿ ಸ್ತ್ರೀಲಿಂಗ ಪುಲ್ಲಿಂಗ ಅದಲುಬದಲಾದರೆ ಬಯಲುಸೀಮೆಯವರಿಗೆ ನಗು. ಬ್ಯಾರಿ, ನವಾಯತಿ, ಉರ್ದು, ಕನ್ನಡ ಎಲ್ಲವೂ ಅಲ್ಲಾಹನು ಕೊಟ್ಟ ನಾಲಗೆಗಳೇ. ಭಾಷೆಗಳ ವೈವಿಧ್ಯವನ್ನು ಅವನು ಸೂರಃ ಅರ್‍ರೂಮ್‌ನಲ್ಲಿ ತನ್ನ ನಿದರ್ಶನಗಳಲ್ಲಿ ಒಂದೆಂದು ಎಣಿಸಿದ್ದಾನೆ.

ಹಾಗಾದರೆ ನಗಲೇಬಾರದೇ? ಯಾರು ಹೇಳಿದರು? ಪ್ರವಾದಿವರ್ಯರು(ಸ) ನಗುಮುಖದವರಾಗಿದ್ದರು. ತಮಾಷೆ ಮಾಡುತ್ತಿದ್ದರು, ಅದರಲ್ಲೂ ನಿಜವನ್ನೇ ಹೇಳುತ್ತಿದ್ದರು. ಸಹೋದರನ ಮುಖ ನೋಡಿ ಮುಗುಳ್ನಗುವುದು ಸದಕ ಎಂದು ಕಲಿಸಿದವರು ಅವರೇ. ಗೆಳೆಯ ಜೋಕ್ ಹಾಕಿದಾಗ ನಗುಮುಖ ಒತ್ತದೆ ಇನ್ನೇನು ಒತ್ತುವುದು? ಇಮಾಮ್ ಗಝಾಲಿಯವರೂ ಈ ವ್ಯತ್ಯಾಸವನ್ನು ಹೇಳಿದ್ದಾರೆ. ಯಾರಿಗೆ ನೋವಾಗುತ್ತದೋ ಅವರ ವಿಷಯದಲ್ಲಿ ಅದು ಹರಾಮ್. ತನ್ನನ್ನು ತಾನೇ ನಗೆಯ ವಸ್ತು ಮಾಡಿಕೊಂಡು, ಇತರರು ನಕ್ಕರೆ ಖುಷಿಪಡುವವನ ವಿಷಯದಲ್ಲಿ ಅದು ತಮಾಷೆ. ಅಂದರೆ ಮುಖ ಒಂದೇ, ಹುಕ್ಮ್ ಎರಡು. ನಗಿಸಲು ಬರೆದವನೊಂದಿಗೆ ನಗುವುದು ಬೇರೆ, ನಗಿಸಲು ಬರೆಯದವನನ್ನು ನೋಡಿ ನಗುವುದು ಬೇರೆ.

2021ರ ಜೂನ್‌ನಲ್ಲಿ ಬಾಂಗ್ಲಾದೇಶದ ಜನಪ್ರಿಯ ವಿದ್ವಾಂಸ ಅಹ್ಮದುಲ್ಲಾ ಅವರು ಫೇಸ್‌ಬುಕ್‌ನ 'ಹಹ್ಹಾ' ಮುಖವನ್ನು ಜನರನ್ನು ಗೇಲಿ ಮಾಡಲು ಬಳಸುವುದು ಹರಾಮ್ ಎಂದು ಒಂದು ಸಣ್ಣ ವೀಡಿಯೊದಲ್ಲಿ ಹೇಳಿದರು. ಬರೆದವನೇ ತಮಾಷೆಗೆ ಬರೆದಿದ್ದರೆ ತೊಂದರೆಯಿಲ್ಲ ಎಂದೂ ಅದೇ ವೀಡಿಯೊದಲ್ಲಿ ಹೇಳಿದ್ದರು. ಸುದ್ದಿಯಾದದ್ದು ಮಾತ್ರ 'ಇಮೋಜಿ ವಿರುದ್ಧ ಫತ್ವಾ' ಎಂದು. ಎರಡನೆಯ ವಾಕ್ಯ ಅನೇಕರಿಗೆ ತಲುಪಲೇ ಇಲ್ಲ. ಕೊನೆಗೆ ಅವರ ವೀಡಿಯೊದ ಕೆಳಗೂ ಕೆಲವರು ಹೋಗಿ ಅದೇ ಮುಖವನ್ನು ಒತ್ತಿ ಬಂದರು.

ಇಲ್ಲಿ ನಮ್ಮ ಯುವಕರಿಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾದ ಮಾತಿದೆ. ಬೇರೆ ಸಂಘಟನೆಯ ಉಸ್ತಾದರ ಭಾಷಣ ಬಂದರೆ ಅದರ ಕೆಳಗೆ ಎಲ್ಲರೂ ಸೇರಿ ನಗುಮುಖ ಒತ್ತುವುದನ್ನು ಕೆಲವರು ದೀನ್‌ನ ಸೇವೆ ಎಂದು ತಿಳಿದಿದ್ದಾರೆ. 'ಬನ್ನಿ, ಇವರಿಗೆ ಹಹ್ಹಾ ಕೊಡೋಣ' ಎಂದು ಲಿಂಕ್ ಹಂಚುತ್ತಾರೆ. ಮಸ್ಅಲದಲ್ಲಿ ಭಿನ್ನಾಭಿಪ್ರಾಯವಿದ್ದರೆ ದಲೀಲ್ ಕೊಡಿ, ಇಲ್ಲವೇ ಸುಮ್ಮನಿರಿ. ನಗುಮುಖ ಯಾವ ಮದ್‌ಹಬ್‌ನಲ್ಲೂ ದಲೀಲ್ ಅಲ್ಲ.

ಇದಕ್ಕಿಂತ ದೊಡ್ಡ ತಪ್ಪು ಅಪಘಾತದ, ಸಾವಿನ ಸುದ್ದಿಗಳ ಕೆಳಗೆ ನಡೆಯುತ್ತಿದೆ. ನಮ್ಮವರು ಯಾರಾದರೂ ಸತ್ತ ಸುದ್ದಿಯ ಕೆಳಗೆ, ನಮ್ಮ ಮನೆಗಳು ಉರುಳಿದ ಚಿತ್ರದ ಕೆಳಗೆ ಯಾರೋ ನಗುತ್ತಿರುವುದನ್ನು ನೋಡಿ ನಾವು ಊಟ ಬಿಟ್ಟು ಕುಳಿತದ್ದಿದೆ. ಅದರ ಉರಿ ಎಂಥದ್ದೆಂದು ಈ ಸಮುದಾಯಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಿರುವಾಗ, ನಮಗೆ ಇಷ್ಟವಿಲ್ಲದ ರಾಜಕಾರಣಿ ತೀರಿಕೊಂಡಾಗ, ಇನ್ನೊಂದು ಧರ್ಮದವರ ಮೆರವಣಿಗೆಯಲ್ಲಿ ಅವಘಡವಾದಾಗ, ಮುಸ್ಲಿಮ್ ಹೆಸರಿನ ಖಾತೆಯಿಂದ ನಗುಮುಖ ಬಿದ್ದಿದ್ದರೆ ಅದಕ್ಕೆ ಯಾವ ನೆಪ? 'ಅವರು ಮಾಡಿದರು, ನಾವೂ ಮಾಡಿದೆವು' ಎಂಬುದು ನೆಪವಾಗಬಲ್ಲದೇ? ಮದೀನಾದಲ್ಲಿ ಒಬ್ಬ ಯಹೂದಿಯ ಶವಯಾತ್ರೆ ಹಾದು ಹೋದಾಗ ಪ್ರವಾದಿವರ್ಯರು(ಸ) ಎದ್ದು ನಿಂತರು. ಅವನು ಯಹೂದಿಯಲ್ಲವೇ ಎಂದಾಗ, ಅವನೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಉತ್ತರಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇತರರ ಆರಾಧ್ಯರನ್ನು ನಿಂದಿಸಬೇಡಿ, ಅವರೂ ಅರಿವಿಲ್ಲದೆ ಅಲ್ಲಾಹನನ್ನು ನಿಂದಿಸಿಯಾರು ಎಂಬ ನಿರ್ದೇಶನ ಸೂರಃ ಅಲ್ ಅನ್‌ಆಮ್‌ನಲ್ಲಿದೆ. ನೆರೆಯವರ ಹಬ್ಬದ ಪೋಸ್ಟಿನ ಕೆಳಗೆ ಗೇಲಿಯ ಮುಖ ಹಾಕಿ ಬರುವವನು ಈ ಆಯತ್ ಓದಿಕೊಳ್ಳಲಿ.

ಗ್ರೂಪ್ ಅಡ್ಮಿನ್‌ಗಳು ಕೇಳಿಸಿಕೊಳ್ಳಿ. ಅಡ್ಮಿನ್ ಎಂಬುದು ಹುದ್ದೆಯಲ್ಲ, ಅಮಾನತ್. ಗೀಬತ್ ಕೇಳಿ ಸುಮ್ಮನಿರುವವನು ಅದರಲ್ಲಿ ಪಾಲುದಾರ ಎಂದು ಉಲಮಾಗಳು ಹೇಳಿದ್ದಾರೆ. ಮರಣವಾರ್ತೆ, ರಕ್ತದ ಬೇಡಿಕೆ, ಸಹಾಯದ ಮನವಿ ಇಂಥವುಗಳ ಕೆಳಗೆ ನಗುಮುಖ ಕಂಡರೆ ಒತ್ತಿದವರಿಗೆ ಖಾಸಗಿಯಾಗಿ ಫೋನ್ ಮಾಡಿ ತೆಗೆಸಿ. ಗ್ರೂಪಿನಲ್ಲೇ ಹೆಸರು ಹಿಡಿದು ಬೈದರೆ ಇನ್ನೊಬ್ಬನ ಮಾನ ಹೋಗುತ್ತದೆ. ಬರೆಯಲು ಬಾರದವರು ತಮ್ಮ ಸ್ವರದಲ್ಲೇ ವಾಯ್ಸ್ ಮೆಸೇಜ್ ಹಾಕಲಿ, ಅದನ್ನು ಕಾರ್ಯದರ್ಶಿ ಕೇಳಿ ಬರೆದು ಹಾಕಲಿ. ಪಾಲಕರು ಮಕ್ಕಳ ಕ್ಲಾಸಿನ ಗ್ರೂಪುಗಳ ಬಗ್ಗೆಯೂ ವಿಚಾರಿಸಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕಷ್ಟಪಟ್ಟು ಪಾಸಾದ ಹುಡುಗಿಯ ಅಂಕದ ಕೆಳಗೆ ಏನೇನು ಬೀಳುತ್ತದೆ ಎಂಬುದು ಹಲವು ಮನೆಗಳಿಗೆ ಗೊತ್ತೇ ಇಲ್ಲ. 'ನೀನು ಏಕೆ ಸಪ್ಪಗಿದ್ದೀ' ಎಂದು ಕೇಳಿದರೆ ಅವಳು ತಲೆನೋವು ಎನ್ನುತ್ತಾಳೆ.

ಇನ್ನು, ಈಗಾಗಲೇ ಒತ್ತಿದ್ದನ್ನು ಏನು ಮಾಡುವುದು? ಮತ್ತೊಮ್ಮೆ ಅದರ ಮೇಲೆ ಒತ್ತಿದರೆ ಪರದೆಯಿಂದ ಹೋಗುತ್ತದೆ. ಮೊದಲು ಅದನ್ನು ಮಾಡಿ. ಆದರೆ ನೋಡಿದವನ ಮನಸ್ಸಿನಿಂದ ಅದು ಹೋಗುವುದಿಲ್ಲ, ಕಿರಾಮನ್ ಕಾತಿಬೀನ್ ಬರೆದದ್ದೂ ಅಷ್ಟರಿಂದ ಹೋಗುವುದಿಲ್ಲ. ಇದು ಅಲ್ಲಾಹನ ಹಕ್ಕು ಮಾತ್ರವಲ್ಲ, ದಾಸನ ಹಕ್ಕು. ಸಹೋದರನ ಮಾನಕ್ಕೆ ಅನ್ಯಾಯ ಮಾಡಿದವನು ದೀನಾರ್, ದಿರ್‌ಹಮ್ ಯಾವುದೂ ನಡೆಯದ ದಿನ ಬರುವ ಮೊದಲು, ಇಲ್ಲೇ ಅವನಿಂದ ಬಿಡುಗಡೆ ಪಡೆಯಲಿ ಎಂದು ಬುಖಾರಿಯ ಹದೀಸ್ ಎಚ್ಚರಿಸುತ್ತದೆ. ಆ ದಿನ ಪಾವತಿ ಆಗುವುದು ನಮ್ಮ ನಮಾಝ್, ಉಪವಾಸಗಳ ಪುಣ್ಯದಿಂದ. ಹಾಗಾಗಿ ಹೋಗಿ ಕೇಳಬೇಕು. ಗೇಲಿ ಎಲ್ಲರೆದುರು ಆಗಿದ್ದರೆ ಕ್ಷಮೆಯೂ ಅಲ್ಲೇ ಕೇಳುವುದು ಚೆಂದ. ಆದರೆ ಆ ವ್ಯಕ್ತಿ ಮತ್ತೆ ಅದೇ ವಿಷಯ ಎತ್ತುವುದು ಬೇಡ ಎಂದರೆ ಅವರ ಇಚ್ಛೆಯಂತೆ ನಡೆಯಬೇಕು. ಕೈ ಮುಗಿದ ಇಮೋಜಿ ಕಳಿಸಿ ಕ್ಷಮೆ ಕೇಳಿದೆ ಎಂದುಕೊಳ್ಳಬೇಡಿ.

ಆ ಪಕ್ಕದ ತಾಲೂಕಿನ ಜಮಾಅತ್‌ನಲ್ಲಿ ಅಧ್ಯಕ್ಷರು ಒಂಬತ್ತು ಜನರ ಹೆಸರು ಹುಡುಕಿದರು. ಹುಡುಕುವುದು ಕಷ್ಟವಾಗಲಿಲ್ಲ. ಆ ಹಳೆಯ ಸಂದೇಶದ ಮೇಲೆ ಒತ್ತಿದರೆ ಯಾರು ಯಾವ ಮುಖ ಹಾಕಿದ್ದಾರೆಂದು ಫೋನೇ ಪಟ್ಟಿ ತೋರಿಸುತ್ತದೆ. ಹಾಜಿಯವರಿಗೆ ವಿಷಯ ತಿಳಿಸಿದಾಗ ಅವರು ತುಂಬಾ ಹೊತ್ತು ಮಾತನಾಡಲಿಲ್ಲ. ಮರುದಿನ ಮೊಮ್ಮಗನ ಬೈಕಿನಲ್ಲಿ ಕುಳಿತು ಆ ಮನೆಗೆ ಮೊದಲು ಹೋದವರು ಅವರೇ. ಆ ವಾರ ಐವರು ಹೋದರು, ಕಾಲಿನ ಬಗ್ಗೆ ಕೇಳಿದ್ದ ಹುಡುಗನೂ ಅವರಲ್ಲಿದ್ದ. ದಮ್ಮಾಮ್‌ನಲ್ಲಿರುವ ಒಬ್ಬರು ಫೋನ್ ಮಾಡಿದರು. ಉಳಿದವರು ಇನ್ನೂ ಹೋಗಿಲ್ಲವಂತೆ. ಕಾಕಾ ಈಗ ಗ್ರೂಪಿನಲ್ಲಿ ಜುಮಾದ ದಿನ ಸಲಾಮ್ ಹಾಕುತ್ತಾರೆ, ಬರೆದಲ್ಲ, ತಮ್ಮ ಸ್ವರದಲ್ಲಿ.

ಅವರ ಅಣ್ಣನಿಗೆ ಅಲ್ಲಾಹನು ಮಗ್‌ಫಿರತ್ ನೀಡಲಿ, ಅವರ ಕಬರನ್ನು ವಿಶಾಲಗೊಳಿಸಲಿ. ಆಮೀನ್.